ಒಂದು ಸೌಟು ಹಳೇ ಎಣ್ಣೆ

ಮೊದಲನೆಯ ಕಾರ್ನ್ ಡಾಗ್ ಎಣ್ಣೆಗೆ ಇಳಿದ ತಕ್ಷಣ ಅಂಗಿ ಬಿಚ್ಚಿ ಎಸೆಯಿತು. ಮೈಗೆ ಮೆತ್ತಿದ್ದ ಹಿಟ್ಟೆಲ್ಲ ಬಾಣಲೆಯ ತಳಕ್ಕೆ, ಕಡ್ಡಿಯ ತುದಿಯಲ್ಲಿ ಬೋಳು ಸಾಸೇಜ್. ಎರಡನೆಯದೂ ಅಷ್ಟೇ. ಮೂರನೆಯದನ್ನು ಎತ್ತುವ ಹೊತ್ತಿಗೆ ನಾನು ಒಲೆಗೆ ಬೈಯುತ್ತಿದ್ದೆ.

"ಒಲೆ ಏನೋ ಮಾಡ್ತು ಪಾಪ?" ಬಾಗಿಲಿಗೆ ಒರಗಿ ನಿಂತಿದ್ದ ಅಕ್ಕ ಕೇಳಿದಳು. "ಅಂಗಡೀಲಿ ದಿನಾ ಇನ್ನೂರು ಕರೀತೀನಿ ಅಂತ ಕೊಚ್ಕೋತಿದ್ದೆ."

"ಅಲ್ಲಿ ಮೈದಾ ಇರತ್ತೆ ಕಣೇ. ಮೈದಾ ಅಂದ್ರೆ ಅಂಟು. ಈ ಮೆಕ್ಕೆಜೋಳದ ಹಿಟ್ಟು ನಿನ್ನ ಗಂಡನ ಥರ, ಯಾವ ಕೆಲಸಕ್ಕೂ ಅಂಟ್ಕೊಳ್ಳಲ್ಲ."

"ಭಾವನ್ನ ಯಾಕೋ ಎಳೀತೀಯ? ಗಂಟೆ ಎರಡಾಯ್ತು, ಅದನ್ನ ನೋಡು."

ನಾಲ್ಕು ಗಂಟೆಗೆ ನಾಲ್ಕು ಜನ ಮಕ್ಕಳು ಬರುವವರಿದ್ದರು. ಅಕ್ಕನ ಮಗಳಿಗೆ ಅವತ್ತು ಎಂಟು ತುಂಬಿತ್ತು. ಅವಳಿಗೆ ಗೋಧಿ ಆಗುವುದಿಲ್ಲ. ಮೈದಾ, ರವೆ, ಬ್ರೆಡ್ಡಿನ ಪುಡಿ, ಯಾವ ವೇಷದಲ್ಲಿ ಬಂದರೂ ಆಗುವುದಿಲ್ಲ. ಉಗುರಿನಷ್ಟು ಹೋದರೂ ಹೊಟ್ಟೆ ಉಬ್ಬಿ, ವಾಂತಿಯಾಗಿ, ಮೂರು ದಿನ ಹಾಸಿಗೆ ಬಿಟ್ಟು ಏಳುವುದಿಲ್ಲ. ಹೋದ ತಿಂಗಳು ಗೆಳತಿಯ ಮನೆಯಲ್ಲಿ ಎಲ್ಲರೂ ಕಾರ್ನ್ ಡಾಗ್ ತಿನ್ನುವಾಗ ಇವಳು ಮೂಲೆಯಲ್ಲಿ ಕೂತು ಮನೆಯಿಂದ ಒಯ್ದ ಡಬ್ಬಿ ತೆರೆದಿದ್ದಳಂತೆ. ಬಂದವಳು ಅಳಲಿಲ್ಲ. ಕರಿಯುವವನು ಅಂತ ನನ್ನನ್ನೇ ಕೇಳಿದಳು: "ಮಾಮ, ಕಡ್ಡಿ ಹಿಡ್ಕೊಂಡು ತಿನ್ನೋದು ಹೇಗಿರತ್ತೆ?"

ನನಗೆ ತಲೆ ಕೆಟ್ಟಿತು. ಮಾತು ಕೊಟ್ಟುಬಿಟ್ಟೆ. ನಿನ್ನ ಹುಟ್ಟುಹಬ್ಬಕ್ಕೆ ನಾನೇ ಮಾಡ್ತೀನಿ, ಒಂದೇ ತಟ್ಟೆ, ಎಲ್ಲರಿಗೂ ಅದೇ, ನಿನಗೂ ಅದೇ.

ಮಾತು ಕೊಡುವುದು ಸುಲಭ. ಆಮೇಲೆ ಗೊತ್ತಾಯಿತು, ಬರುವ ನಾಲ್ವರಲ್ಲಿ ಒಬ್ಬನಿಗೆ ಮೊಟ್ಟೆ ಆಗುವುದಿಲ್ಲ, ಒಬ್ಬಳಿಗೆ ಹಾಲು ಆಗುವುದಿಲ್ಲ. ಈ ಮಕ್ಕಳು ಗಾಳಿ ಕುಡಿದು ಬೆಳೆಯುತ್ತಿವೆಯೇ?

ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ಪ್ಯಾಕೆಟ್ಟಿನ ಹಿಂದೆ ಇರುವೆ ಸಾಲಿನಂಥ ಅಕ್ಷರ ಕಂಡರೆ ಕಣ್ಣು ಕತ್ತಲೆ ಬರುತ್ತದೆ. ಓದುವುದು ಅಕ್ಕನ ಮಗಳೇ. ಅದಕ್ಕೇ ಮನೆಯಲ್ಲಿ ಅವಳಿಗೆ ಇನ್ಸ್‌ಪೆಕ್ಟರ್ ಅಂತ ಹೆಸರು. ನಾನು ತಂದ ಮೊದಲನೆಯ ಮೆಕ್ಕೆಜೋಳದ ಹಿಟ್ಟನ್ನು ತಿರುಗಿಸಿ ನೋಡಿ, "ಗೋಧಿ ಬೀಸೋ ಮಿಲ್ಲಲ್ಲೇ ಬೀಸಿದ್ದು. ವಾಪಸ್" ಅಂದಳು. ಎರಡನೆಯ ಸಲ ಬೇಕಿಂಗ್ ಪೌಡರ್ ವಾಪಸ್. ಮೂರನೆಯ ಸಲ ಸಾಸೇಜೇ ವಾಪಸ್, ಅದರೊಳಗೂ ರಸ್ಕಿನ ಪುಡಿ! ಅಂಗಡಿಯವನು, "ಏನಪ್ಪಾ, ಬಾಂಬ್ ಮಾಡ್ತಿದೀಯಾ?" ಅಂದ. ಅವನಿಗೂ ಬೈದು ಬಂದೆ.

ಇಷ್ಟೆಲ್ಲ ಆದ ಮೇಲೆ ಹಿಟ್ಟು ನಿಲ್ಲುತ್ತಿಲ್ಲ. ನಾಲ್ಕನೆಯದೂ ಬೋಳಾಯಿತು. ಹತ್ತರಲ್ಲಿ ನಾಲ್ಕು ಹೋದವು. ಅವನ್ನು ತಟ್ಟೆಗೆ ಎಸೆದು ಪಕ್ಕಕ್ಕೆ ತಳ್ಳಿ, ಒಲೆ ಆರಿಸಿ, ನೆಲದ ಮೇಲೆ ಕೂತೆ. ಕೂತಾಗ ಬುದ್ಧಿ ಬಂತು. ಮೈದಾ ಕಲಸಿದ ತಕ್ಷಣ ಕೆಲಸಕ್ಕೆ ಸಿದ್ಧ. ಮೆಕ್ಕೆಜೋಳದ ಹಿಟ್ಟು ಹಾಗಲ್ಲ, ಅದು ನೀರು ಕುಡಿಯಬೇಕು. ಅಕ್ಕಿ ಹಿಟ್ಟು ಇನ್ನೆರಡು ಚಮಚ ಸೇರಿಸಿದೆ. ಮೊಟ್ಟೆಯ ಬದಲಿಗೆ ನೆನೆಸಿಟ್ಟ ಅಗಸೆಯ ಪುಡಿ ಲೋಳೆಲೋಳೆಯಾಗಿತ್ತು, ಉಳಿದದ್ದನ್ನೂ ಸುರಿದೆ. ಉದ್ದನೆಯ ಲೋಟಕ್ಕೆ ತುಂಬಿ, ಮಿಕ್ಕಿದ್ದನ್ನು ಪಾತ್ರೆಯಲ್ಲೇ ಬಿಟ್ಟು, ಎರಡನ್ನೂ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಟ್ಟೆ. ಸಾಸೇಜ್‌ಗಳನ್ನು ಬಟ್ಟೆಯಲ್ಲಿ ಒರೆಸಿ, ಒಣ ಅಕ್ಕಿ ಹಿಟ್ಟಿನಲ್ಲಿ ಹೊರಳಿಸಿದೆ.

ಇನ್ನು ಬಣ್ಣ. ಹೊಸ ಎಣ್ಣೆಯಲ್ಲಿ ಕರಿದದ್ದು ಜ್ವರ ಬಿಟ್ಟವನ ಮುಖದ ಹಾಗೆ ಬಿಳಿಚಿಕೊಂಡಿರುತ್ತದೆ. ಹಳೇ ಎಣ್ಣೆ ಒಂದು ಸೌಟು ಬೆರೆಸಿದರೆ ಬಂಗಾರದ ಬಣ್ಣ ಏರುತ್ತದೆ. ಇದು ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ, ಆರು ವರ್ಷ ಬಾಣಲೆಯ ಮುಂದೆ ಬೆಂದವನಿಗೆ ಗೊತ್ತು. ನಮ್ಮ ಅಂಗಡಿಯಲ್ಲಿ ಪ್ರತಿ ಬೆಳಿಗ್ಗೆ ಹೊಸ ಎಣ್ಣೆಗೆ ಹಿಂದಿನ ದಿನದ್ದು ಒಂದು ಸೌಟು ಹಾಕದೆ ಒಲೆ ಹಚ್ಚುವುದೇ ಇಲ್ಲ. ನಾನು ಮೂರು ಮಡಿಕೆ ಬಟ್ಟೆಯಲ್ಲಿ ಸೋಸಿ, ಒಂದು ಬಾಟಲಿ ತಂದಿದ್ದೆ. ಬಾಣಲೆಗೆ ಅದರಿಂದ ಒಂದು ಸೌಟು ಸುರಿದೆ.

ಆಮೇಲೆ ಏನು ಹೇಳಲಿ! ಲೋಟದಲ್ಲಿ ಅದ್ದಿ, ಕಡ್ಡಿ ಹಿಡಿದೇ ಎಣ್ಣೆಯಲ್ಲಿ ಹತ್ತು ಎಣಿಸಿ, ಆಮೇಲೆ ಕೈ ಬಿಟ್ಟೆ. ನಿಂತಿತು! ಆರಕ್ಕೆ ಆರೂ ನಿಂತವು. ಗುಂಡಗೆ, ನುಣ್ಣಗೆ, ಬಂಗಾರದ ಬಣ್ಣ. ಅಂಗಡಿಯಲ್ಲೂ ಅಂಥದ್ದನ್ನು ನಾನು ತೆಗೆದಿರಲಿಲ್ಲ.

"ಇನ್ಸ್‌ಪೆಕ್ಟ್ರೇ, ಬನ್ನಿ!" ಅಂತ ಕೂಗಿದೆ.

ಹೊಸ ಫ್ರಾಕ್ ಹಾಕಿಕೊಂಡು ಬಂದಳು. ತಟ್ಟೆ ನೋಡಿ ಕಣ್ಣು ಅರಳಿತು. ಆದರೆ ಕೈ ಹಾಕಲಿಲ್ಲ. ಯಾವತ್ತಿನ ಹಾಗೆ ಕೈ ಹಿಂದೆ ಕಟ್ಟಿಕೊಂಡು, "ಏನೇನಿದೆ ಹೇಳು" ಅಂದಳು.

ಹೇಳಿದೆ. ಅವಳು ಒಂದೊಂದು ಪ್ಯಾಕೆಟ್ಟಿಗೂ ತಲೆಯಾಡಿಸುತ್ತ ಬಂದು ಬಾಟಲಿಯ ಹತ್ತಿರ ನಿಂತಳು.

"ಇದಕ್ಕೆ ಚೀಟಿ ಇಲ್ವಲ್ಲ."

"ಎಣ್ಣೆ ಕಣೇ, ಬರೀ ಎಣ್ಣೆ. ನಮ್ಮಂಗಡೀದು."

"ಅದ್ರಲ್ಲಿ ಏನ್ ಕರೀತಾರೆ?"

ಮೈದಾ. ದಿನಕ್ಕೆ ಇನ್ನೂರು ಸಲ ಮೈದಾ. ಬಟ್ಟೆ ಮೂರು ಮಡಿಕೆ ಮಾಡಿದರೇನು, ಮೂವತ್ತು ಮಾಡಿದರೇನು. ಹಿಟ್ಟು, ಪೌಡರ್, ಸಾಸೇಜ್ ಅಂತ ಮೂರು ಸಲ ಅಲೆದ ಈ ಮುಠ್ಠಾಳ, ವಿಷವನ್ನು ಬಾಟಲಿಯಲ್ಲಿ ತುಂಬಿ ಚೀಲದಲ್ಲಿ ಹೊತ್ತು ತಂದಿದ್ದ.

"ಮೈದಾ ಪುಟ್ಟಾ," ಅಂದೆ.

ಅವಳು ತಟ್ಟೆಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾನು ಸೌಟು ಎತ್ತಿ ಸಿಂಕಿಗೆ ಬೀಸಿದೆ. ಅಕ್ಕ ಓಡಿ ಬಂದಳು. ವಿಷಯ ತಿಳಿದು ತಣ್ಣಗೆ ಅಂದಳು: "ಆಯ್ತು ಬಿಡು. ಬರೋ ಮಕ್ಕಳಿಗೆ ಇದು ಆಗತ್ತಲ್ಲ. ಅವಕ್ಕೆ ಇದು ಕೊಡೋಣ. ಇವಳಿಗೆ ಬೇರೆ ಏನಾದ್ರೂ—"

"ಬೇರೆ ಡಬ್ಬೀನಾ? ಇವತ್ತೂ ಮೂಲೇನಾ?"

"ನನ್ನ ಮೇಲೆ ಯಾಕೋ ಕೂಗ್ತೀಯ?"

"ಇನ್ಯಾರ ಮೇಲೆ ಕೂಗಲಿ?"

ಗಂಟೆ ಮೂರೂ ಹತ್ತು. ಹೊಸ ಸಾಸೇಜ್ ತರಲು ಹೋದರೆ ಬರುವುದರೊಳಗೆ ಐದಾಗುತ್ತದೆ. ಅಡುಗೆಮನೆಯಲ್ಲಿ ಹಿಂದೆ ಮುಂದೆ ತಿರುಗಿದೆ. ಮೂಲೆಯಲ್ಲಿ ಆ ನಾಲ್ಕು ಬೋಳುಗಳು ಬಿದ್ದಿದ್ದವು. ಅವು ಬಾಟಲಿ ತೆರೆಯುವುದಕ್ಕೆ ಮುಂಚಿನವು. ಬರೀ ಹೊಸ ಎಣ್ಣೆ ಕಂಡವು.

"ನಾಲ್ಕಿದಾವೆ," ಇನ್ಸ್‌ಪೆಕ್ಟರ್ ಅಂದಳು. ಅವಳೂ ಅದನ್ನೇ ನೋಡುತ್ತಿದ್ದಳು. "ನಾವು ಐದು ಜನ."

"ಕತ್ತರಿಸಿದ್ರೆ ಎಂಟು."

ಕೈಯನ್ನು ಸೋಪು ಹಾಕಿ ಎರಡು ಸಲ ತೊಳೆದೆ. ಬಾಣಲೆ ಮುಟ್ಟಲಿಲ್ಲ, ಅದು ಕೆಟ್ಟಿತ್ತು. ಹೊಸ ಚಾಕು, ಮುಟ್ಟದೆ ಉಳಿದಿದ್ದ ಕಡ್ಡಿ, ಅಕ್ಕ ಕೊಟ್ಟ ಅನ್ನದ ಸಣ್ಣ ಪಾತ್ರೆ. ಇನ್ನೊಂದು ಪ್ಯಾಕೆಟ್ ಎಣ್ಣೆ ಸುರಿದರೆ ನಾಲ್ಕು ಬೆರಳು ಬಂತು. ತುಂಡುಗಳು ಗಿಡ್ಡ, ಅದಕ್ಕೇ ಮುಳುಗಿದವು. ಫ್ರಿಜ್ಜಿನಲ್ಲಿ ಉಳಿದಿದ್ದ ಹಿಟ್ಟು ಎಂಟಕ್ಕೂ ಸರಿಹೋಯಿತು. ಬಣ್ಣ ಮಾತ್ರ ಬರಲಿಲ್ಲ. ಎಷ್ಟು ಹೊತ್ತು ಬಿಟ್ಟರೂ ಸುಣ್ಣ ಬಳಿದ ಹೆಬ್ಬೆರಳಿನ ಹಾಗೆ ಬೆಳ್ಳಗೇ ಕೂತವು. ನಮ್ಮ ಮಾಲೀಕ ನೋಡಿದ್ದರೆ ನನ್ನನ್ನು ಅವತ್ತೇ ಮನೆಗೆ ಕಳಿಸುತ್ತಿದ್ದ.

ಆ ಆರು ಬಂಗಾರದವನ್ನು ಹಿತ್ತಲಿನ ಕಸದ ಡಬ್ಬಿಗೆ ಒಯ್ದೆ. ಎಸೆಯುವ ಮುಂಚೆ ಒಂದನ್ನು ಕಚ್ಚಿದೆ. ಕರುಂ ಅಂತು. ಹಾಳಾಗಿ ಹೋಗಲಿ, ಎಷ್ಟು ಚೆನ್ನಾಗಿತ್ತು!

ಮತ್ತೆ ಕೈ ತೊಳೆದು ಬರುವಷ್ಟರಲ್ಲಿ ಮಕ್ಕಳು ಬಂದವು. ಒಂದೇ ತಟ್ಟೆ ಇಟ್ಟೆ. ಮೊಟ್ಟೆ ಆಗದವನು ಮೊದಲು ಬಾಯಿ ತೆರೆದ.

"ಯಾಕಿದು ಇಷ್ಟು ಗಿಡ್ಡ? ಬಿಳೀ ಬೇರೆ."

ನನಗೆ ಮೈ ಉರಿಯಿತು. ಇನ್ಸ್‌ಪೆಕ್ಟರ್ ಎಲ್ಲರಿಗಿಂತ ಮುಂಚೆ ಒಂದನ್ನು ಎತ್ತಿ, "ನಮ್ಮನೇದು ಹೀಗೇ ಇರೋದು. ಬೇಡ ಅಂದ್ರೆ ನಂಗೆ ಕೊಡು" ಅಂದಳು. ಅವನು ಕೊಡಲಿಲ್ಲ. ಉಳಿದ ಮೂರಕ್ಕೆ ಜಗಳ ಬಿತ್ತು.

ಎಲ್ಲರೂ ಹೊರಗೆ ಓಡಿದ ಮೇಲೆ ತಟ್ಟೆ ಎತ್ತಿದೆ. ಎಂಟು ಕಡ್ಡಿ, ಎಲ್ಲವೂ ಚೀಪಿದವು. ಅವಳದ್ದು ಯಾವುದು ಅಂತ ಹುಡುಕಿದೆ, ಗೊತ್ತಾಗಲಿಲ್ಲ. ಆ ಬಣ್ಣದ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.