ಮೂರು ತಿಂಗಳ ಪೇಸ್ಟು

ಲ್ಯಾಪ್‌ಟಾಪು ಕಾದಾಗ ಮಾತ್ರ ಮಗ ತನ್ನ ಹತ್ತಿರ ಬರುತ್ತಾನೆ ಎನ್ನುವುದು ರಾಮಾಂಜನೇಯನಿಗೆ ಚೆನ್ನಾಗಿ ಗೊತ್ತಿತ್ತು.

ಮೊಳಕಾಲ್ಮೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನದೊಂದು ರಿಪೇರಿ ಅಂಗಡಿ. ಮಿಕ್ಸಿ, ಟೀವಿ, ಮೊಬೈಲು, ಭಜನೆಯವರ ಆಂಪ್ಲಿಫೈಯರು, ಏನು ತಂದಿಟ್ಟರೂ ಬಿಚ್ಚಿ ನೋಡದೆ ಬಿಡುತ್ತಿರಲಿಲ್ಲ. ಹೆಂಡತಿ ಸ್ವಪ್ನ ಮಗ ದುರುಗೇಶನನ್ನು ಕರೆದುಕೊಂಡು ಚಳ್ಳಕೆರೆಯ ತವರಿಗೆ ಹೋಗಿ ಐದು ವರ್ಷವಾಗಿತ್ತು. ತಪ್ಪು ಅವನದೇ. ಆಗ ಕುಡಿಯುತ್ತಿದ್ದ. ನೆಂಟರ ಮದುವೆಯೊಂದರಲ್ಲಿ, ಊಟದ ಪಂಕ್ತಿಯಲ್ಲಿ, ನೂರು ಜನರ ಎದುರಿಗೆ ಅವಳ ಕೆನ್ನೆಗೆ ಬಾರಿಸಿದ್ದ. ಪಕ್ಕದ ಎಲೆಯ ಮುಂದೆ ಕೂತಿದ್ದ ಹನ್ನೆರಡು ವರ್ಷದ ಹುಡುಗ ಕೈಯಲ್ಲಿ ಹಿಡಿದ ತುತ್ತನ್ನು ಬಾಯಿಗೂ ಇಡದೆ, ಎಲೆಗೂ ಬಿಡದೆ ಅಪ್ಪನನ್ನೇ ನೋಡಿದ್ದ. ಅವತ್ತು ಸಂಜೆಯ ಬಸ್ಸಿಗೇ ತಾಯಿ ಮಗ ಹೊರಟರು.

ಒಂದು ವರ್ಷ ಇನ್ನೂ ಕುಡಿದ. ಆಮೇಲೆ ಬಿಟ್ಟ. ಬಿಟ್ಟಿದ್ದನ್ನು ನೋಡಲು ಮನೆಯಲ್ಲಿ ಯಾರೂ ಇರಲಿಲ್ಲ. ಕೋರ್ಟಿನಲ್ಲಿ ಸಂಬಂಧ ಹರಿಯಿತು. ಭಾನುವಾರ ಮಗನನ್ನು ನೋಡಬಹುದು ಎಂದು ಕೋರ್ಟು ಹೇಳಿತು. ಮಗ ಮಾತ್ರ, "ನಾನು ಬರಲ್ಲ," ಎಂದ. ಹುಡುಗನಿಗೆ ಒತ್ತಾಯ ಮಾಡುವವರು ಯಾರು?

ದುರುಗೇಶನಿಗೆ ಹದಿನೈದು ತುಂಬಿದಾಗ ರಾಮಾಂಜನೇಯ ಹೊಸಪೇಟೆಯ ಒಬ್ಬರಿಂದ ಕೆಟ್ಟುಹೋದ ಗೇಮಿಂಗ್ ಲ್ಯಾಪ್‌ಟಾಪೊಂದನ್ನು ತಂದು, ಹದಿನೈದು ದಿನ ಕೂತು ಅದಕ್ಕೆ ಜೀವ ತುಂಬಿ, ಚಳ್ಳಕೆರೆ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿದ. ವಾಪಸು ಬರುತ್ತದೆ ಎಂದು ಎರಡು ದಿನ ಕಾದ. ಬರಲಿಲ್ಲ. ಮೂರು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಮಗನೇ ಬಂದು ಅಂಗಡಿಯ ಮುಂದೆ ನಿಂತ. ಹೆಗಲಲ್ಲಿ ಬ್ಯಾಗು.

"ಸಿಕ್ಕಾಪಟ್ಟೆ ಬಿಸಿ ಆಗ್ತೈತೆ. ಆಟದ ಮಧ್ಯ ಆಫ್ ಆಗ್ತೈತೆ."

ಮೂರು ವರ್ಷದ ನಂತರ ಮಗ ಅವನಿಗೆ ಹೇಳಿದ ಮೊದಲ ಮಾತು ಅದು.

ಬಿಚ್ಚಿ ನೋಡಿದರೆ ಫ್ಯಾನಿನ ಹಿಂದಿನ ತಾಮ್ರದ ಜಾಲರಿಗೆ ಧೂಳು ಕಂಬಳಿಯಂತೆ ಮೆತ್ತಿಕೊಂಡಿತ್ತು. ಅದರೊಳಗೆ ಶೇಂಗಾದ ಕೆಂಪು ಸಿಪ್ಪೆಯ ಚೂರು. ಸ್ವಪ್ನಳ ತವರುಮನೆ ಎಣ್ಣೆ ಮಿಲ್ಲಿನ ಪಕ್ಕದಲ್ಲೇ ಇತ್ತು. ಅವನು ಬ್ರಷ್ಷಿನಿಂದ ಧೂಳು ತೆಗೆದ, ಪ್ರೊಸೆಸರಿನ ಮೇಲೆ ಒಣಗಿದ್ದ ಪೇಸ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಿದ. ಚಿಪ್ಪಿನ ಬಿಸಿಯನ್ನು ತಾಮ್ರಕ್ಕೆ ದಾಟಿಸುವುದೇ ಆ ಪೇಸ್ಟು. ಅಂಗಡಿಯಲ್ಲಿದ್ದದ್ದು ಆಂಪ್ಲಿಫೈಯರಿಗೆ ಹಚ್ಚುವ ಅಗ್ಗದ ಬಿಳಿ ಪೇಸ್ಟು ಮಾತ್ರ. ಅದನ್ನೇ ಹಚ್ಚಿ ಕೊಟ್ಟ. ಆಗುವತನಕ ಮಗ ಸ್ಟೂಲಿನ ಮೇಲೆ ಕೂತಿದ್ದ. ಮಧ್ಯಾಹ್ನ ಪಕ್ಕದ ಹೋಟೆಲಿನ ಪಾತಣ್ಣ ತಟ್ಟೆಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಂದಿಟ್ಟ. ಹುಡುಗ ಪೂರ್ತಿ ತಿಂದ. ಅವನು ತಿನ್ನುವುದನ್ನು ನೋಡುತ್ತ ರಾಮಾಂಜನೇಯ ಒಂದು ಸ್ಕ್ರೂ ಎಲ್ಲಿಟ್ಟೆನೆಂಬುದನ್ನೇ ಮರೆತ.

ಮಗ ಹೋದ ಮೇಲೆ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗೆ ಫೋನು ಮಾಡಿ ಒಳ್ಳೆಯ ಪೇಸ್ಟು ಕೊರಿಯರಿನಲ್ಲಿ ತರಿಸಿಕೊಂಡ. ಬೂದು ಬಣ್ಣದ್ದು, ಎಷ್ಟು ಕಾದರೂ ವರ್ಷಗಟ್ಟಲೆ ಒಣಗದ್ದು. ಬಿಳಿ ಪೇಸ್ಟು ಮೂರು ತಿಂಗಳಿಗೆ ಸುಣ್ಣದಂತೆ ಒಣಗುತ್ತದೆಂದು ಅವನಿಗೆ ಗೊತ್ತಿತ್ತು. ಒಣಗಿತು, ಮಗ ಬಂದ. ಆಗ ರಾಮಾಂಜನೇಯ ಡ್ರಾಯರು ತೆಗೆದು, ಬೂದು ಪೇಸ್ಟಿನ ಪೊಟ್ಟಣ ಕೈಗೆ ತೆಗೆದುಕೊಂಡು, ಸ್ವಲ್ಪ ಹೊತ್ತು ಹಿಡಿದಿದ್ದು, ಮತ್ತೆ ಒಳಗಿಟ್ಟ. ಬಿಳಿಯದನ್ನೇ ಹಚ್ಚಿದ.

ಹೀಗೆ ಎರಡು ವರ್ಷ. ಮೂರು ತಿಂಗಳಿಗೊಂದು ಭಾನುವಾರ. ಎರಡು ಗಂಟೆಯ ಕೆಲಸವನ್ನು ನಾಲ್ಕು ಗಂಟೆ ಮಾಡುತ್ತಿದ್ದ. ಮಗ ಒಂದೊಂದೇ ಮಾತು ಆಡತೊಡಗಿದ್ದ. ಕಾಲೇಜು, ಗೆಳೆಯರು, ಐವರು ಸೇರಿ ಕಟ್ಟಿಕೊಂಡ ಆಟದ ತಂಡ. ಹೋದ ಸಲವಂತೂ ಆಟ ಹೇಗೆ ಆಡುವುದೆಂದು ಅವನೇ ತೋರಿಸಿಕೊಟ್ಟಿದ್ದ. ಅಪ್ಪನ ಬೆರಳು ತಪ್ಪು ಕೀಲಿ ಒತ್ತಿದಾಗ ನಕ್ಕಿದ್ದ.

ಈ ಸಲ ಬಂದದ್ದು ಏಪ್ರಿಲ್‌ನಲ್ಲಿ. ಬಿಸಿಲು ಓಣಿಯ ಕಲ್ಲನ್ನು ಕಾಯಿಸುತ್ತಿತ್ತು. ದುರುಗೇಶ ಬ್ಯಾಗನ್ನು ಮೇಜಿನ ಮೇಲಿಟ್ಟು ಸ್ಟೂಲಿನ ಮೇಲೆ ಕೂರದೆ ನಿಂತೇ ಇದ್ದ. ಮುಖ ಬಾಡಿತ್ತು.

"ಏನಾಯ್ತಪ್ಪ?"

"ಟೂರ್ನಮೆಂಟ್ ಇತ್ತು. ಹೋದ ಭಾನುವಾರ."

"ಹೇಳಿದ್ಯಲ್ಲ. ಎಷ್ಟನೇ ಸುತ್ತು?"

"ಕೊನೇ ಎಂಟು ತಂಡ. ಇಡೀ ರಾಜ್ಯದಾಗೆ." ಹುಡುಗ ಬ್ಯಾಗಿನಿಂದ ಲ್ಯಾಪ್‌ಟಾಪು ತೆಗೆದಿಟ್ಟ. "ಗೆಲ್ತಾ ಇದ್ವಿ. ನಂದು ಆಫ್ ಆಯ್ತು. ಮತ್ತೆ ಆನ್ ಮಾಡೋದ್ರೊಳಗೆ ಮುಗೀತು. ನಾಲ್ಕು ಜನ ಐದು ಜನದ ಎದುರಿಗೆ ಏನ್ ಮಾಡ್ತಾರೆ?"

ರಾಮಾಂಜನೇಯನ ಕೈಯಲ್ಲಿ ಸ್ಕ್ರೂಡ್ರೈವರು ಹಾಗೇ ನಿಂತಿತು.

"ಈಗ ನನ್ ಜಾಗಕ್ಕೆ ಬೇರೆಯವನ್ನ ತಗೊಂಡವ್ರೆ," ಎಂದ ಹುಡುಗ. "ಅವರದೇನೂ ತಪ್ಪಿಲ್ಲ ಬಿಡು."

ರಾಮಾಂಜನೇಯ ತಲೆ ತಗ್ಗಿಸಿ ಹಿಂಬದಿಯ ಸ್ಕ್ರೂಗಳನ್ನು ತೆಗೆಯತೊಡಗಿದ. ಹನ್ನೊಂದು ಸ್ಕ್ರೂ. ಕಣ್ಣು ಮುಚ್ಚಿದರೂ ಯಾವುದು ಎಲ್ಲಿ ಎಂದು ಹೇಳಬಲ್ಲ. ಮುಚ್ಚಳ ಎತ್ತಿದ, ಬ್ಯಾಟರಿಯ ತಂತಿ ಬಿಡಿಸಿದ, ತಾಮ್ರದ ಪಟ್ಟಿ ಮೇಲೆತ್ತಿದ. ಚಿಪ್ಪಿನ ಮೇಲೆ ಬಿಳಿ ಪೇಸ್ಟು ಒಣಗಿ ಬಿರುಕು ಬಿಟ್ಟಿತ್ತು. ತಾನೇ ಹಚ್ಚಿದ್ದು. ಉಗುರು ತಗುಲಿದ ಕಡೆ ಪುಡಿಪುಡಿಯಾಗಿ ಉದುರಿತು.

ಅಷ್ಟರಲ್ಲಿ ಮಗನ ಫೋನು ಹೊಡೆದುಕೊಂಡಿತು. ಹುಡುಗ ಬಾಗಿಲ ಹತ್ತಿರ ಹೋಗಿ ಬೆನ್ನು ಮಾಡಿ ನಿಂತ. ಅಂಗಡಿ ಹತ್ತಡಿ ಉದ್ದವಿಲ್ಲ, ಎಲ್ಲ ಕೇಳಿಸುತ್ತಿತ್ತು.

"ಮೊಳಕಾಲ್ಮೂರಲ್ಲಿದೀನಿ ಲೇ... ಲ್ಯಾಪ್‌ಟಾಪ್ ರಿಪೇರಿಗೆ... ಇಲ್ಲ ಲೇ, ನಮ್ಮೋರು ಯಾರೂ ಇಲ್ಲ ಇಲ್ಲಿ. ರಿಪೇರಿಯವ್ನು ಒಬ್ಬ ಗೊತ್ತು, ಅಷ್ಟೇ."

ರಾಮಾಂಜನೇಯ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಚಿಪ್ಪನ್ನು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಚಿಪ್ಪು ಕನ್ನಡಿಯಂತೆ ಹೊಳೆಯಿತು. ಹುಡುಗ ಹೇಳಿದ್ದರಲ್ಲಿ ಸುಳ್ಳೇನಿದೆ ಎಂದು ಅವನು ತನ್ನನ್ನೇ ಕೇಳಿಕೊಂಡ. ಎರಡು ವರ್ಷದಿಂದ ಇವನಿಗೆ ತಾನು ಆಗಿದ್ದು ರಿಪೇರಿಯವನೇ. ಅದೂ ಮೋಸದ ರಿಪೇರಿಯವನು. ಬೇರೆ ಗಿರಾಕಿಯ ಒಂದು ಮಿಕ್ಸಿಯನ್ನೂ ಅವನು ಹೀಗೆ ಅರೆಬರೆ ಮಾಡಿ ಕಳಿಸಿದವನಲ್ಲ.

ಎದ್ದು ಡ್ರಾಯರು ತೆಗೆದ. ಬೂದು ಪೇಸ್ಟಿನ ಪೊಟ್ಟಣ ಹರಿದು ಟ್ಯೂಬು ಹೊರತೆಗೆದ. ಪ್ರೊಸೆಸರು, ಗ್ರಾಫಿಕ್ಸು, ಎರಡು ಚಿಪ್ಪಿಗೂ ತೆಳ್ಳಗೆ, ಅಂಚಿನವರೆಗೂ ಬರುವಂತೆ ಹಚ್ಚಿದ. ಸುತ್ತಲಿನ ಹಳೆಯ ರಬ್ಬರು ಪ್ಯಾಡುಗಳನ್ನೂ ಕಿತ್ತು ಹೊಸದು ಕೂರಿಸಿದ. ಫ್ಯಾನನ್ನು ಬಿಚ್ಚಿ ತೊಳೆದು, ಒಣಗಿಸಿ, ಒಂದು ಹನಿ ಎಣ್ಣೆ ಬಿಟ್ಟ. ಮಗ ಫೋನು ಮುಗಿಸಿ ಬಂದು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ. ಅವನ ಕಣ್ಣು ಮೇಜಿನ ಮೇಲೆ ಬಿದ್ದಿದ್ದ ಪೊಟ್ಟಣದ ಮೇಲೆ ಹೋಯಿತು. ಎತ್ತಿಕೊಂಡು ಕೊರಿಯರಿನ ಚೀಟಿ ಓದಿದ.

"ಇದು ಒಳ್ಳೇದಾ?"

"ಹೂಂ."

"ಮೊದ್ಲು ಹಚ್ತಿದ್ದಿದ್ದಕ್ಕಿಂತ?"

"ಅದಕ್ಕೂ ಇದಕ್ಕೂ ಹೋಲಿಕೆ ಇಲ್ಲ."

"ಎರಡು ವರ್ಷದ ಹಿಂದಿನ ತಾರೀಕೈತೆ ಇದರ ಮೇಲೆ."

ರಾಮಾಂಜನೇಯ ಟ್ಯೂಬಿನ ಮುಚ್ಚಳ ಹಾಕಿದ. ಮರೆತಿದ್ದೆ ಅನ್ನಬಹುದಿತ್ತು. ಇದೂ ಹಳೆಯ ಸರಕು ಅನ್ನಬಹುದಿತ್ತು. ಹುಡುಗನ ಮುಖ ನೋಡಿದ. ಅವನು ಅವತ್ತು ಪಂಕ್ತಿಯಲ್ಲಿ ನೋಡಿದಂತೆಯೇ ನೋಡುತ್ತಿದ್ದ.

"ಬೇಕಂತಲೇ ಹಚ್ಚಿರಲಿಲ್ಲ," ಎಂದ ರಾಮಾಂಜನೇಯ. "ಇದನ್ನ ಹಚ್ಚಿದ್ರೆ ನೀನು ಮತ್ತೆ ಬರೋ ಕೆಲ್ಸಾನೇ ಇರ್ತಿರಲಿಲ್ಲ."

ಹೊರಗೆ ಪಾತಣ್ಣ ಯಾರೋ ಗಿರಾಕಿಯ ಜೊತೆ ತೆಲುಗಿನಲ್ಲಿ ಜೋರಾಗಿ ಮಾತಾಡುತ್ತಿದ್ದ.

"ಅದಕ್ಕೇ ಆಫ್ ಆಯ್ತಾ ಅವತ್ತು?"

"ಅದಕ್ಕೇ."

ಹುಡುಗ ಪೊಟ್ಟಣವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಕೂಗಾಡಲಿಲ್ಲ. ಕೂಗಾಡಿದ್ದರೆ ರಾಮಾಂಜನೇಯನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಫೋನ್ ಮಾಡಿ ಬಾ ಅನ್ಬೋದಿತ್ತಲ್ಲ," ಎಂದ.

"ಅಂದಿದ್ರೆ ಬರ್ತಿದ್ಯಾ?"

ದುರುಗೇಶ ಕೆಳಗೆ ಬಿದ್ದ ಬಿಳಿ ಪುಡಿಯನ್ನು ಚಪ್ಪಲಿಯಲ್ಲಿ ಅತ್ತಿತ್ತ ಮಾಡಿದ.

"ಗೊತ್ತಿಲ್ಲ," ಎಂದ. "ನೀನು ಕೇಳ್ಲೇ ಇಲ್ವಲ್ಲ."

ರಾಮಾಂಜನೇಯ ಹನ್ನೊಂದು ಸ್ಕ್ರೂಗಳನ್ನೂ ಹಾಕಿದ. ಆನ್ ಮಾಡಿ ಅರ್ಧ ಗಂಟೆ ಆಟ ಓಡಿಸಿ ನೋಡಿದರು. ಮೊದಲು ತೊಂಬತ್ತೈದು ಡಿಗ್ರಿ ದಾಟುತ್ತಿದ್ದದ್ದು ಎಪ್ಪತ್ತೆರಡರ ಮೇಲೆ ಏರಲಿಲ್ಲ. ಫ್ಯಾನಿನ ಸದ್ದು ಕೇಳಿಸುತ್ತಲೇ ಇರಲಿಲ್ಲ. ಅಷ್ಟು ಒಳ್ಳೆಯ ಕೆಲಸವನ್ನು ಅವನು ತನ್ನ ಜೀವಮಾನದಲ್ಲಿ ಮಾಡಿರಲಿಲ್ಲ.

"ಉಂಡು ಹೋಗು. ಪಾತಣ್ಣಂಗೆ ಹೇಳ್ತೀನಿ."

"ಬೇಡ. ಅವ್ವ ಕಾಯ್ತಿರ್ತಾಳೆ."

ಬಸ್ಸಿನವರೆಗೂ ಜೊತೆಗೆ ಹೋದ. ಹುಡುಗ ಬೇಡ ಅನ್ನಲಿಲ್ಲ, ಬಾ ಅನ್ನಲೂ ಇಲ್ಲ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಸ್ಸು ಹೊರಡುವತನಕ ಅವನು ಫೋನು ನೋಡುತ್ತಿದ್ದ. ರಾಮಾಂಜನೇಯ ಕಿಟಕಿಯ ಕೆಳಗೆ ನಿಂತು, "ಹಾಸಿಗೆ ಮೇಲಿಟ್ಟು ಆಡ್ಬೇಡ, ಗಾಳಿ ಆಡಲ್ಲ," ಎಂದ. ಹುಡುಗ ತಲೆಯಾಡಿಸಿದ. ಬಸ್ಸು ತಿರುವಿನಲ್ಲಿ ಕಣ್ಮರೆಯಾದ ಮೇಲೂ ಅವನು ಅಲ್ಲೇ ನಿಂತಿದ್ದ.

ಮೇ ಕಳೆಯಿತು, ಜೂನ್ ಕಳೆಯಿತು. ಭಾನುವಾರ ಅಂಗಡಿ ತೆಗೆಯುವುದನ್ನು ಅವನು ಬಿಡಲಿಲ್ಲ. ಒಂದು ಸಲ ಧೈರ್ಯ ಮಾಡಿ, "ಈ ವಾರ ಬಾರಪ್ಪ, ಸುಮ್ನೆ," ಎಂದು ಮೆಸೇಜು ಬರೆದ. ಕಳಿಸಿದ್ದು ಓದಿದ್ದಾನೆ ಎಂದು ಎರಡು ನೀಲಿ ಗೆರೆ ಬಿದ್ದವು. ಉತ್ತರ ಬರಲಿಲ್ಲ. ಸೋಮವಾರ ಮತ್ತೆ ನೋಡಿದ. ಆಮೇಲೆ ನೋಡುವುದನ್ನು ಬಿಟ್ಟ, ಅಂದರೆ ದಿನಕ್ಕೆ ಎರಡೇ ಸಲ ನೋಡುತ್ತಿದ್ದ.

ಜುಲೈನಲ್ಲಿ ಸ್ವಪ್ನಳ ಫೋನು ಬಂತು. ಐದು ವರ್ಷದಲ್ಲಿ ಅವಳು ತಾನಾಗಿ ಮಾಡಿದ್ದು ಅದೇ ಮೊದಲು.

"ದುರುಗಂಗೆ ಶಿವಮೊಗ್ಗದಾಗೆ ಡಿಪ್ಲೊಮಾ ಸೀಟು ಸಿಕ್ಕೈತೆ. ಬುಧವಾರ ಹೋಗ್ತಾನೆ, ಹನ್ನೊಂದರ ಬಸ್ಸಿಗೆ. ಬರೋದಿದ್ರೆ ಬಸ್‌ಸ್ಟ್ಯಾಂಡಿಗೆ ಬರ್ರಿ."

"ಅವನಿಗೆ ಹೇಳಿದೀಯಾ?"

"ಹೇಳ್ದೆ. ಸುಮ್ನಿದ್ದ. ಬ್ಯಾಡ ಅನ್ಲಿಲ್ಲ."

ಬುಧವಾರ ರಾಮಾಂಜನೇಯ ಬೆಳಿಗ್ಗೆ ಎಂಟೂವರೆಯ ಬಸ್ಸು ಹಿಡಿದ. ಹೊಸ ಅಂಗಿ ಹಾಕಿದ್ದ. ಮಗನಿಗೆಂದು ಒಂದು ಒಳ್ಳೆಯ ಗಡಿಯಾರ, ದಾರಿಗೆ ತಿನ್ನಲು ಪಾತಣ್ಣ ಕಟ್ಟಿಕೊಟ್ಟ ಶೇಂಗಾ ಉಂಡೆ. ಹಾನಗಲ್ಲು ಕ್ರಾಸು, ಬಿ.ಜಿ. ಕೆರೆ, ತಳಕು ದಾಟುವವರೆಗೂ ಏನು ಮಾತಾಡುವುದೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದ. ಕ್ಷಮಿಸು ಎನ್ನಬೇಕು. ಪೇಸ್ಟಿನದಷ್ಟೇ ಅಲ್ಲ, ಎಲ್ಲದರದ್ದೂ.

ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಹತ್ತೂಕಾಲು. ಸ್ವಪ್ನ ಒಬ್ಬಳೇ ಕಂಬದ ಹತ್ತಿರ ನಿಂತಿದ್ದಳು. ತಲೆಯಲ್ಲಿ ಅಲ್ಲಲ್ಲಿ ನರೆ ಬಂದಿತ್ತು. ಅವನು ಸುತ್ತ ಕಣ್ಣು ಹಾಯಿಸಿದ.

"ಎಲ್ಲಿ?"

"ಒಂಬತ್ತರ ಬಸ್ಸಿಗೇ ಹೋದ," ಎಂದಳು ಅವಳು. "ಹನ್ನೊಂದರದು ರಶ್ಶು ಇರ್ತೈತೆ, ಸೀಟು ಸಿಗಲ್ಲ ಅಂದ."

ಹೇಳುವಾಗ ಅವಳು ಅವನ ಮುಖ ನೋಡಲಿಲ್ಲ. ಬುಧವಾರ ಬೆಳಿಗ್ಗೆ ಹನ್ನೊಂದರ ಬಸ್ಸಿಗೆ ಎಂಥ ರಶ್ಶು? ಇಬ್ಬರಿಗೂ ಗೊತ್ತಿತ್ತು. ಅವಳು ಸುಳ್ಳು ಹೇಳಿದ್ದು ತನ್ನ ಮೇಲಿನ ಕರುಣೆಯಿಂದ ಎಂದು ತಿಳಿದಾಗ ಅವನು ಕಲ್ಲುಬೆಂಚಿನ ಮೇಲೆ ಕೂತುಬಿಟ್ಟ.

"ಫೋನ್ ಮಾಡಿ ನಿಮಗೆ ತಿಳಿಸ್ಬೇಕಿತ್ತು," ಎಂದಳು. "ನೀವಾಗಲೇ ಹೊರಟಿರ್ತೀರಿ ಅನಿಸ್ತು."

"ಇರಲಿ ಬಿಡು."

ಅವಳು ಎರಡು ಟೀ ತಂದಳು. ಅವನು ಗ್ಲಾಸು ಹಿಡಿದುಕೊಂಡ, ಕುಡಿಯಲಿಲ್ಲ. ಗಡಿಯಾರದ ಡಬ್ಬಿ, ಉಂಡೆಯ ಪೊಟ್ಟಣ ಅವಳ ಕೈಗೆ ಕೊಟ್ಟ. ಅವಳು ತೆಗೆದುಕೊಂಡಳು.

"ದೊಡ್ಡೋನಾದ್ಮೇಲೆ ತಿಳ್ಕೊಂತಾನೆ," ಎಂದಳು.

"ಈಗ್ಲೇ ತಿಳ್ಕೊಂಡವ್ನೆ," ಎಂದ ರಾಮಾಂಜನೇಯ.

ಮೊಳಕಾಲ್ಮೂರಿನ ಬಸ್ಸು ಬಂದು ನಿಂತಿತು. ಅವಳು ಅವನು ಹತ್ತುವತನಕ ನಿಂತಿದ್ದು, ಆಟೊ ಹಿಡಿದು ಹೋದಳು. ಹಿಂದಿನ ಸೀಟಿನಲ್ಲಿ ಕೂತು ಅವನು ಮುಂದಿನ ಸೀಟಿನ ಕಂಬಿಗೆ ಹಣೆ ಒತ್ತಿಕೊಂಡ. ಊರು ದಾಟುವವರೆಗೂ ತಡೆದುಕೊಂಡಿದ್ದ. ಆಮೇಲೆ ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಮುದುಕಿ ಏನನ್ನೂ ಕೇಳದೆ ತನ್ನ ಗಂಟನ್ನು ಅತ್ತ ಸರಿಸಿ ಅವನಿಗೆ ಜಾಗ ಮಾಡಿಕೊಟ್ಟಳು.