ಎರವಲು ಕಾಲು

ತಾತ ಮನೆಗೆ ಬಂದವರ ಮುಖ ನೋಡುವ ಮೊದಲು ಕಾಲು ನೋಡುತ್ತಿದ್ದರು. ಬಂದವರು ಕೂತು ನೀರು ಕುಡಿಯುವಷ್ಟರಲ್ಲಿ, "ನಿಮ್ಮ ಬಲಗಾಲಿನ ಚಪ್ಪಲಿ ಹೊರಗಡೆ ಜಾಸ್ತಿ ಸವೆದಿದೆ, ಸೊಂಟ ನೋಯುತ್ತಾ?" ಎಂದು ಕೇಳಿಬಿಡುತ್ತಿದ್ದರು. ಹತ್ತರಲ್ಲಿ ಎಂಟು ಸಲ ನೋಯುತ್ತಿತ್ತು.

"ನನ್ನ ಮೊದಲನೇ ಸಲ ನೋಡಿದಾಗಲೂ ಹೀಗೇ," ಎನ್ನುತ್ತಿದ್ದಳು ಅಜ್ಜಿ. "ತಲೆ ಎತ್ತಲೇ ಇಲ್ಲ. ಪಾಪ, ನಾಚಿಕೆ ಅಂದ್ಕೊಂಡೆ. ಮದುವೆ ಆದ್ಮೇಲೆ ಗೊತ್ತಾಯ್ತು, ಇವರು ನನ್ನ ಪಾದದ ಅಳತೆ ತೆಗೀತಿದ್ರು ಅಂತ."

"ಅಳತೆ ತಪ್ಪಿತ್ತಾ? ಇಷ್ಟು ವರ್ಷದಲ್ಲಿ ಒಂದು ದಿನ ಚಪ್ಪಲಿ ಕಚ್ಚಿದೆಯಾ?"

"ಚಪ್ಪಲಿ ಕಚ್ಚಿಲ್ಲ. ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಕಚ್ಚಿದೆ."

ತಾತ ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಇದ್ದರು. ಅವರ ಕೆಲಸ ಬೂಟು ರಿಪೇರಿ. ಬಂದೂಕು ಹಿಡಿಯುವುದನ್ನೂ ಕಲಿಸಿದ್ದರು, ಆದರೆ ಅವರು ಹೆಚ್ಚಾಗಿ ಹಿಡಿದದ್ದು ಸುತ್ತಿಗೆ, ದಬ್ಬಳ ಮತ್ತು ಮೇಣ ಹಚ್ಚಿದ ದಾರ. ಹಿಮದ ನಡುವಿನ ಠಾಣೆಯೊಂದಕ್ಕೆ ವರ್ಗವಾದಾಗ, ಬೂಟು ಗೊತ್ತಿದ್ದವನಿಗೆ ಕಾಲೂ ಗೊತ್ತಿರಬೇಕು ಎಂದು ಅಲ್ಲಿನ ಅಧಿಕಾರಿ ಸೈನಿಕರ ಕಾಲು ಪರೀಕ್ಷೆಯನ್ನೂ ಅವರಿಗೇ ವಹಿಸಿದರು. "ಯುದ್ಧದಲ್ಲಿ ನೀವೇನು ಮಾಡಿದ್ರಿ?" ಎಂದು ಯಾರಾದರೂ ಕೇಳಿದರೆ ತಾತ, "ಕಾಲಿಗೆ ಬುದ್ಧಿ ಹೇಳಿದೆ" ಎನ್ನುತ್ತಿದ್ದರು. ಕೇಳಿದವರು ನಗಬೇಕೋ ಬೇಡವೋ ತಿಳಿಯದೆ ಕೈಯಲ್ಲಿದ್ದ ಲೋಟ ನೋಡುತ್ತಿದ್ದರು.

ಆ ಠಾಣೆಯ ಕಥೆಯೊಂದನ್ನು ಮಾತ್ರ ಅವರು ನಗದೆ ಹೇಳುತ್ತಿದ್ದರು. ದಿನಾ ಸಂಜೆ ಸೈನಿಕರು ಸಾಲಾಗಿ ಕೂತು, ಕಂಬಳಿಯಿಂದ ಕಾಲು ಹೊರಗೆ ಚಾಚಬೇಕು. ತಾತ ಟಾರ್ಚು ಹಿಡಿದು ಒಬ್ಬೊಬ್ಬರದೇ ನೋಡಿಕೊಂಡು ಹೋಗಬೇಕು. ಬೆರಳು ಬಿಳುಚಿದ್ದರೆ, ಗಾಯವಾಗಿದ್ದರೆ ಅವನಿಗೆ ಮರುದಿನದ ಗಸ್ತು ಇಲ್ಲ. ಒಬ್ಬ ಹುಡುಗುಬುದ್ಧಿಯ ಸೈನಿಕನಿಗೆ ಹಿಂದೆ ಉಳಿಯುವುದೆಂದರೆ ಅವಮಾನ. ಅವನ ಎಡಗಾಲಿನ ಬೆರಳು ಆಗಲೇ ಮರಗಟ್ಟಿತ್ತು. ಅವನೂ, ಆಗಲೇ ಕಾಲು ತೋರಿಸಿ ಮುಗಿಸಿದ್ದ ಅವನ ಗೆಳೆಯನೂ ಒಂದೇ ಕಂಬಳಿ ಹೊದ್ದು ಅಂಟಿಕೊಂಡು ಕೂತರು. ಅವನ ಬಲಗಾಲಿನ ಪಕ್ಕ ಹೊರಗೆ ಬಂದ ಎಡಗಾಲು ಗೆಳೆಯನದು.

"ಒಂದರ ಉಗುರು ಚಪ್ಪಟೆ, ಇನ್ನೊಂದರದು ದುಂಡಗೆ," ಎನ್ನುತ್ತಿದ್ದರು ತಾತ. "ಕಣ್ಣಿಗೆ ಬಿತ್ತು. ಇನ್ನೂ ಹದಿನಾಲ್ಕು ಜನ ಇದ್ರು, ಚಳಿ ಬೇರೆ. ಮುಂದಕ್ಕೆ ಹೋಗ್ಬಿಟ್ಟೆ. ನಾಲ್ಕನೇ ದಿನ ಅವನ ಅರ್ಧ ಪಾದ ಕತ್ತರಿಸಿದ್ರು. ಎರವಲು ಕಾಲು ತೋರಿಸಿದವನದು ಒಂದು ತಪ್ಪು, ನೋಡಿ ದಾಟಿ ಹೋದವನದು ಎರಡು."

ನಿವೃತ್ತಿಯಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಬೂಟಿನಂಗಡಿ ತೆರೆದರು. ಅಂಗಡಿ ವಾರಕ್ಕೆ ಐದು ದಿನ. ಮಿಕ್ಕೆರಡು ದಿನ ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ತಿರುಗಾಟ. ಜೊತೆಗೆ ಪೋಸ್ಟ್‌ಮಾಸ್ಟರರು ಮತ್ತು ಗಡಿಯಾರ ರಿಪೇರಿಯವರು. ತಾತ ಬೂಟನ್ನು ಕೊರಳಿಗೆ ಕಟ್ಟಿಕೊಂಡು ಹೊಳೆ ದಾಟಿದರೆ, ಪೋಸ್ಟ್‌ಮಾಸ್ಟರರು ಕಾಲಲ್ಲೇ ಇಟ್ಟುಕೊಂಡು ದಾಟಿ ಮೂರು ದಿನ ಬೈಸಿಕೊಂಡಿದ್ದರು. ಒಮ್ಮೆ ದಾರಿ ತಪ್ಪಿ ಎರಡು ರಾತ್ರಿ ಬಂಡೆಯ ಮರೆಯಲ್ಲಿ ಕಳೆದು ಬಂದರು. ಅಜ್ಜಿ ಪೊಲೀಸ್ ಠಾಣೆಯಲ್ಲಿ ದೂರು ಬರೆಸುತ್ತಿದ್ದಾಗ ತಾತ ಹಿಂದಿನಿಂದ ಬಂದು, "ಯಾರು ಕಳೆದುಹೋಗಿರೋದು?" ಎಂದು ಕೇಳಿದರಂತೆ. ಮಳೆಗಾಲ ಮುಗಿದ ಮೊದಲ ಭಾನುವಾರ ಮಾತ್ರ ತಪ್ಪದೆ ಊರಾಚೆಯ ದೊಡ್ಡ ಗುಡ್ಡ. ಮೂವತ್ತೊಂದು ವರ್ಷ ಒಂದೂ ತಪ್ಪಿರಲಿಲ್ಲ.

ಮೂವತ್ತೆರಡನೆಯ ವರ್ಷ ತಾತನಿಗೆ ಎಪ್ಪತ್ತೆಂಟು. ನನಗೆ ಇಪ್ಪತ್ತನಾಲ್ಕು. ನಾನು ಅವರ ಮನೆಯಲ್ಲೇ ಇದ್ದು, ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಹೋಗುತ್ತಿದ್ದೆ. ಚಿಕ್ಕಂದಿನಿಂದ ನನಗೆ ಬಾಗಿಲ ಚಿಲಕವನ್ನು ಎರಡು ಸಲ, ಗ್ಯಾಸನ್ನು ಮೂರು ಸಲ ನೋಡುವ ಅಭ್ಯಾಸ. ಅದಕ್ಕೇ ತಾತ ನನ್ನನ್ನು 'ಸೆಂಟ್ರಿ' ಎಂದು ಕರೆಯುತ್ತಿದ್ದರು.

ಗುಡ್ಡದ ಭಾನುವಾರಕ್ಕೆ ಐದು ದಿನ ಇರುವಾಗ, ಮಂಗಳವಾರ, ಅತ್ತೆ ಬಂದಳು. ಅತ್ತೆ ಎಂದರೆ ತಾತನ ಮಗಳು, ಶಾಲೆಯ ಹೆಡ್‌ಮಿಸ್. ಅಡುಗೆಮನೆಯ ಬಾಗಿಲು ಮುಂದೆ ಮಾಡಿ, "ಹೋದ ವರ್ಷವೇ ಅಪ್ಪನ್ನ ಇಬ್ಬರು ಕೈ ಹಿಡಿದು ಇಳಿಸಿದ್ದಾರೆ. ಸಕ್ಕರೆ ಕಾಯಿಲೆ ಬೇರೆ. ಹೇಳಿದ್ರೆ ಕೇಳೋ ಜನ ಅಲ್ಲ. ಬೂಟು ಬಚ್ಚಿಡು," ಎಂದಳು.

"ನಾನಾ?"

"ಮತ್ಯಾರು, ನಾನು ಇಲ್ಲಿರ್ತೀನಾ? ಒಂದೇ ಬಚ್ಚಿಡು. ಎರಡೂ ಹೋದ್ರೆ ಕಳ್ಳ ಅಂತಾರೆ, ಒಂದು ಹೋದ್ರೆ ನಾಯಿ ಅಂತಾರೆ."

"ನಮ್ಮನೇಲಿ ನಾಯಿ ಇಲ್ಲವಲ್ಲ ಅತ್ತೆ."

"ಪಕ್ಕದ ಮನೇಲಿದೆಯಲ್ಲ. ಅದಕ್ಕೇನು ಬಾಯಿ ಬಂದು ಅಲ್ಲ ಅನ್ನುತ್ತಾ?"

ಬುಧವಾರ ಸಂಜೆ ತಾತ ಸ್ನಾನಕ್ಕೆ ಹೋದಾಗ, ಹಜಾರದ ಗೂಡಿನಿಂದ ಎಡಗಾಲಿನ ಬೂಟು ತೆಗೆದುಕೊಂಡು ನನ್ನ ಕಪಾಟಿನಲ್ಲಿ ನಿಘಂಟುಗಳ ಹಿಂದೆ ಇಟ್ಟೆ. ಇಡುವಾಗ ಬೆರಳು ಒಳಗೆ ಹೋಯಿತು. ಒಳ ಅಟ್ಟೆಯ ಮೇಲೆ, ಕಿರುಬೆರಳು ಬರುವ ಕಡೆ, ಸಾಸಿವೆ ಕಾಳಿನಷ್ಟು ಮೊಳೆಯ ತುದಿ. ಅದರ ಸುತ್ತ ಹತ್ತಿ ಒಣಗಿ ಅಂಟಿಕೊಂಡಿತ್ತು. ದೀಪದ ಹತ್ತಿರ ಹಿಡಿದು ನೋಡಿದೆ. ಕಂದು ಕಲೆ. ಕೆಟ್ಟ ವಾಸನೆ.

ಆಗ ಮೂರು ವಾರದಿಂದ ನೋಡಿಯೂ ಸುಮ್ಮನಿದ್ದದ್ದೆಲ್ಲ ಒಂದೊಂದಾಗಿ ನೆನಪಾಯಿತು. ತಾತ ಮಲಗುವಾಗಲೂ ಕಾಲುಚೀಲ ಹಾಕಿಕೊಳ್ಳುತ್ತಿದ್ದರು. ಅಜ್ಜಿ ಕೇಳಿದ್ದಕ್ಕೆ "ಚಳಿ" ಎಂದಿದ್ದರು. ಚಳಿ ಇರಲಿಲ್ಲ. ಊಟವಾದ ಮೇಲೆ ಸ್ಟೂಲಿನ ಮೇಲೆ ಕಾಲು ಚಾಚುವುದನ್ನು ಬಿಟ್ಟಿದ್ದರು. ಯಾರ ಕಾಲಿನ ಬಗ್ಗೆಯೂ ಮಾತಾಡಿರಲಿಲ್ಲ.

ಹೇಳಬೇಕಿತ್ತು. ಆದರೆ ಗಾಯದ ಮಾತೆತ್ತಿದರೆ ಬೂಟು ಕದ್ದದ್ದೂ ಹೊರಗೆ ಬರುತ್ತಿತ್ತು. ಅತ್ತೆಗೆ ಹೇಳಿದರೆ ತಾತನಿಗೆ ಗುಡ್ಡ ಆ ವರ್ಷಕ್ಕಷ್ಟೇ ಅಲ್ಲ, ಎಂದೆಂದಿಗೂ ಮುಗಿಯುತ್ತಿತ್ತು. ಸುಮ್ಮನಿದ್ದರೆ ಏನಾಗಬಹುದೆಂದು ನನಗೆ ಆ ಸೈನಿಕನ ಕಥೆಯಿಂದಲೇ ಗೊತ್ತಿತ್ತು. ಅಂದು ರಾತ್ರಿ ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದಿದೆ, ಹೊಡೆದು ಹಾಕಿದೆ, ಮತ್ತೆ ತಿದ್ದಿದೆ. ಹೇಳಲಿಲ್ಲ.

ಗುರುವಾರ ತಾತ ಬೂಟು ಹುಡುಕತೊಡಗಿದರು. ಮಂಚದ ಕೆಳಗೆ, ಒಲೆಯ ಹಿಂದೆ, ಹಳೇ ಪೇಪರಿನ ರಾಶಿಯಲ್ಲಿ. ಅತ್ತೆ ಹೇಳಿಕೊಟ್ಟದ್ದನ್ನೇ ಅಜ್ಜಿ ಒಪ್ಪಿಸಿದಳು. "ಪಕ್ಕದ ಮನೆ ನಾಯಿ ಇರಬೇಕು."

"ಅದಕ್ಕೆ ಹಲ್ಲೇ ಇಲ್ಲ ಕಣೇ. ಹಾಲಲ್ಲಿ ಬ್ರೆಡ್ ಅದ್ದಿ ಕೊಡ್ತಾರೆ."

"ಹಲ್ಲಿಲ್ಲದವರು ಗುಡ್ಡ ಹತ್ತಬಹುದು, ಅದು ಬೂಟು ಕಚ್ಚಬಾರದಾ?"

ತಾತ ನನ್ನತ್ತ ನೋಡಿದರು. "ಏನು ಸೆಂಟ್ರಿ, ನಿನ್ನ ಕಾವಲಿನಲ್ಲಿ ಕಳ್ಳತನ ಆಯ್ತಲ್ಲ?"

ನಾನು ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟೆ. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು.

ಶುಕ್ರವಾರ ಬೆಳಿಗ್ಗೆ ಕಾಫಿ ಕೊಡಲು ಹೋದಾಗ ತಾತ ಬಾಗಿಲ ಚೌಕಟ್ಟು ಹಿಡಿದು ಒಂದು ಕ್ಷಣ ನಿಂತರು. ಮೊದಲ ಸಲ ಎಡಗಾಲನ್ನು ಎಳೆದು ಹಾಕಿದರು. ಲೋಟ ಅಲ್ಲೇ ಇಟ್ಟು ಒಳಗೆ ಹೋಗಿ ಬೂಟು ತಂದೆ. ಅಂಗಡಿ ಕೋಣೆಯಲ್ಲಿ, ಅವರು ಗಿರಾಕಿಗಳ ಕಾಲು ಇಡಿಸುತ್ತಿದ್ದ ಮಣೆಯ ಪಕ್ಕ ಇಟ್ಟು, "ಇದನ್ನ ಬಚ್ಚಿಟ್ಟಿದ್ದು ನಾನು," ಎಂದೆ.

"ಗೊತ್ತು. ನಾಯಿ ಆಗಿದ್ರೆ ಲೇಸು ಬಿಚ್ಚಿ, ಸುತ್ತಿ, ಒಳಗಿಡ್ತಿರಲಿಲ್ಲ," ಎಂದರು. ಲೇಸು ನಿಜಕ್ಕೂ ಸುತ್ತಿ ಬೂಟಿನೊಳಗಿತ್ತು. ಹಾಗೆ ಮಾಡಿದ್ದು ನನಗೇ ತಿಳಿದಿರಲಿಲ್ಲ. "ಕೊಡು ಇಲ್ಲಿ. ಭಾನುವಾರಕ್ಕೆ ಎಣ್ಣೆ ಹಾಕಬೇಕು."

"ಮೊದಲು ಕಾಲು ತೋರಿಸಿ ತಾತ."

ಅವರು ಸ್ಟೂಲಿನ ಮೇಲೆ ಕೂತು ಬಲಗಾಲನ್ನು ಮಣೆಯ ಮೇಲಿಟ್ಟರು.

"ಎಡಗಾಲು."

"ಅದೂ ಹೀಗೇ ಇದೆ."

"ಎಡಗಾಲು ತಾತ. ನಿಮ್ಮದೇ."

ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಅವನು ತಿರುವು ದಾಟಿದ ಮೇಲೆ ತಾತ ತಾವೇ ಬಗ್ಗಿ ಕಾಲುಚೀಲ ತೆಗೆದರು. ಕೊನೆಯ ಎರಡು ಬೆರಳು ಕಪ್ಪಾಗಿದ್ದವು.

"ನೋವೇ ಇಲ್ಲ," ಎಂದರು. "ನೋವಿದ್ದಿದ್ರೆ ಅವತ್ತೇ ತಿಳೀತಿತ್ತು."

"ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ?"

"ಏನಂತ ಹೇಳಲಿ? ಮೊಳೆ ಚುಚ್ಚಿತು ಅಂತಲಾ? ಯಾರು ಹೊಡೆದ ಮೊಳೆ ಅಂದ್ರೆ?" ಬೂಟನ್ನು ಕೈಗೆತ್ತಿಕೊಂಡು ಒಳಗೆ ಹೆಬ್ಬೆರಳು ಹಾಕಿ ಸವರಿದರು. "ನಾನೇ ಹೊಡೆದಿದ್ದು. ತುದಿ ಮಡಿಸೋದು ಮರೆತಿದ್ದೀನಿ. ಇಪ್ಪತ್ತೆರಡು ವರ್ಷ ಒಬ್ಬ ಸೈನಿಕನಿಗೂ ನನ್ನ ಮೊಳೆ ಚುಚ್ಚಿರಲಿಲ್ಲ."

ಒಂಬತ್ತು ಗಂಟೆಗೆ ಆಸ್ಪತ್ರೆಯಲ್ಲಿದ್ದೆವು. ಅತ್ತೆ ಶಾಲೆಗೆ ರಜೆ ಹಾಕಿ ಬಂದು, ತಾತನನ್ನು ಬೈಯಲು ಬಾಯಿ ತೆರೆದವಳು ಕಾಲು ನೋಡಿ ಮುಚ್ಚಿದಳು. ಶನಿವಾರ ಎರಡು ಬೆರಳು ತೆಗೆದರು. ಪಾದ ಉಳಿಯಿತು. ಇನ್ನೊಂದು ವಾರ ಬಿಟ್ಟಿದ್ದರೆ ಮೊಣಕಾಲಿನವರೆಗೆ ಹೋಗುತ್ತಿತ್ತು ಎಂದರು ಡಾಕ್ಟರು.

"ಎರಡು ದಿನ ಮುಂಚೆ ಬಂದಿದ್ದರೆ?" ಎಂದು ನಾನು ಕೇಳಿದೆ.

"ಹೇಳೋಕಾಗಲ್ಲಮ್ಮ. ಒಂದು ಬೆರಳು ಉಳೀತಿತ್ತೇನೋ."

ಭಾನುವಾರ ಗೆಳೆಯರಿಬ್ಬರೂ ತಾತನಿಲ್ಲದೆ ಗುಡ್ಡಕ್ಕೆ ಹೋಗಿ, ಸಂಜೆ ಆಸ್ಪತ್ರೆಗೆ ಬಂದು ವರದಿ ಒಪ್ಪಿಸಿದರು. ಪೋಸ್ಟ್‌ಮಾಸ್ಟರರು ಒಂದು ಗುಂಡಗಿನ ಕಲ್ಲು ತಂದಿದ್ದರು. ತಾತ ಕಲ್ಲನ್ನು ಬಿಟ್ಟು ಅವರ ಬೂಟು ನೋಡಿ, "ಒದ್ದೆ," ಎಂದರು.

ಮನೆಗೆ ಬಂದ ಮೇಲೆ ತಾತ ಎಡಗಾಲಿನ ಬೂಟನ್ನು ಪೂರ್ತಿ ಬಿಚ್ಚಿದರು. ಹೊಸ ಅಟ್ಟೆ ಹಾಕಿ, ಎಲ್ಲೂ ಮೊಳೆ ಹೊಡೆಯದೆ ದಾರದಲ್ಲೇ ಹೊಲಿದರು. ಇಲ್ಲದ ಎರಡು ಬೆರಳಿನ ಜಾಗಕ್ಕೆ ಉಣ್ಣೆಯ ದಿಂಬು ಕೂರಿಸಿದರು. ಅಂದಿನಿಂದ ದಿನಾ ಸಂಜೆ ನಾನು ಟಾರ್ಚು ಹಿಡಿದು ಅವರ ಎರಡೂ ಕಾಲು ನೋಡಬೇಕಿತ್ತು. ಅವರಿಗೆ ಎಂಬತ್ತನಾಲ್ಕಾಗಿ, ಒಂದು ಮಧ್ಯಾಹ್ನ ಕೂತ ಕುರ್ಚಿಯಲ್ಲೇ ತೀರಿಹೋಗುವ ಹಿಂದಿನ ದಿನದವರೆಗೂ ನೋಡಿದ್ದೇನೆ.

ಬೆರಳು ತೆಗೆದ ಮರುವರ್ಷ ಗುಡ್ಡಕ್ಕೆ ಅತ್ತೆ ಒಂದು ಶರತ್ತಿನ ಮೇಲೆ ಒಪ್ಪಿದಳು. ತಾತ ಗುಡ್ಡದ ಅರ್ಧಕ್ಕೆ ಬರುವ ಚಪ್ಪಟೆ ಬಂಡೆಯವರೆಗೆ ಮಾತ್ರ ಹೋಗಬೇಕು, ಜೊತೆಗೆ ನಾನಿರಬೇಕು. ಗೆಳೆಯರು ಮುಂದೆ ಹೋದರು. ನಾವಿಬ್ಬರೂ ನಿಧಾನವಾಗಿ ಹತ್ತಿ ಹನ್ನೊಂದು ಗಂಟೆಗೆ ಬಂಡೆಯ ಮೇಲೆ ಕೂತೆವು. ನಾನು ಅವರ ಕಾಲುಚೀಲ ತೆಗೆದು ನೋಡಿದೆ. ಏನೂ ಆಗಿರಲಿಲ್ಲ.

"ತಾತ," ಎಂದೆ. "ನನಗೆ ಬುಧವಾರವೇ ಗೊತ್ತಿತ್ತು. ಹೇಳಿದ್ದು ಶುಕ್ರವಾರ."

ಅವರು ಮೇಲೆ ಹೋಗುವ ದಾರಿಯನ್ನೇ ನೋಡುತ್ತಿದ್ದರು. ಗೆಳೆಯರ ಟೋಪಿಗಳು ಇನ್ನೂ ಕಾಣುತ್ತಿದ್ದವು.

"ನನಗೆ ಮೂರು ವಾರ ಮುಂಚೆ ಗೊತ್ತಿತ್ತು," ಎಂದರು. "ಆ ಸೈನಿಕನ ವಿಷಯದಲ್ಲಿ ನಾನು ನೋಡಿ ದಾಟಿ ಹೋದೆ. ನೀನು ದಾಟಿ ಹೋಗಿ ವಾಪಸ್ ಬಂದೆ. ವಾಪಸ್ ಬರೋದಕ್ಕೆ ಎರಡು ದಿನ ಹಿಡೀತು, ಅಷ್ಟೆ."

"ಒಂದು ಬೆರಳು..."

"ಹೋಯ್ತು. ಹೋಗಿದ್ದು ಹೋಯ್ತು. ಈಗ ನಿನ್ನ ಬೂಟು ಬಿಚ್ಚು."

"ನನಗೇನಾಗಿದೆ?"

"ಸೇತುವೆ ದಾಟಿದಾಗಿನಿಂದ ಬಲಗಾಲನ್ನ ಹೊರಗಡೆ ವಾಲಿಸಿ ಇಡ್ತಿದ್ದೀಯ. ಬಿಚ್ಚು."

ಬಿಚ್ಚಿದೆ. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದು, ಕಾಲುಚೀಲ ಅಂಟಿಕೊಂಡಿತ್ತು. ತಾತ ಚೀಲದಿಂದ ಹತ್ತಿ, ಪಟ್ಟಿ, ಕತ್ತರಿ ತೆಗೆದು ಬಂಡೆಯ ಮೇಲೆ ಸಾಲಾಗಿ ಜೋಡಿಸಿದರು.

"ಹೇಳೋಕೇನಾಗಿತ್ತು?"

"ಹೇಳಿದ್ರೆ ನೀವು ಅಲ್ಲಿಂದಲೇ ತಿರುಗಿಸ್ತಿದ್ರಿ."

"ಹೌದು," ಎಂದರು ತಾತ. ಪಟ್ಟಿ ಸುತ್ತಿ, ನನ್ನ ಬೂಟಿನ ಲೇಸನ್ನು ತಾವೇ ಸಡಿಲವಾಗಿ ಕಟ್ಟಿ, ಕೋಲು ಹಿಡಿದು ಎದ್ದರು. ಮೇಲಿನ ದಾರಿಯನ್ನು ಇನ್ನೊಮ್ಮೆ ನೋಡಿದರು. ಟೋಪಿಗಳು ಆಗ ಕಾಣುತ್ತಿರಲಿಲ್ಲ. ಇಬ್ಬರೂ ಕೆಳಗೆ ಇಳಿಯತೊಡಗಿದೆವು, ಅಕ್ಕಪಕ್ಕದಲ್ಲಿ, ಒಬ್ಬರ ಕಾಲು ಇನ್ನೊಬ್ಬರು ನೋಡಿಕೊಂಡು.