ಒಲೆ ಸುತ್ತಿದ ನಾಲ್ಕು ಕಾಲು

ಫಿಲಿರಾಳ ಕಥೆ ಹೇಳಲು ನಾನು ತಕ್ಕವಳಲ್ಲ, ಬಲ್ಲವರು ಕ್ಷಮಿಸಬೇಕು. ಹಗಲೆಲ್ಲ ಉಣ್ಣೆ ನೂತು, ಸಂಜೆಹೊತ್ತು ತಡವಾಗಿ ಅಕ್ಷರ ಕಲಿತವಳು ನಾನು. ಆದರೆ ಆ ದಿನ ಅವಳ ಮನೆಯಲ್ಲೇ ಕೆಲಸಕ್ಕಿದ್ದೆ. ಅಷ್ಟಂತೂ ಸುಳ್ಳಲ್ಲ.

ಅವಳಿಗೆ ಹುಟ್ಟಿದ ಮಗು ಸೊಂಟದವರೆಗೆ ಮುದ್ದಾದ ಗಂಡು, ಕೆಳಗೆ ಕುದುರೆಮರಿ. ಅಪ್ಪ ಕ್ರೋನಸ್ ದೇವರು. ತನ್ನ ಹೆಂಡತಿಯ ಕಣ್ಣು ತಪ್ಪಿಸಲು ಕುದುರೆಯಾಗಿ ಫಿಲಿರಾಳ ಬಳಿ ಬಂದವನು ಹಾಗೆಯೇ ಓಡಿಹೋಗಿದ್ದ. ಗಂಡುಮಗುವಿನ ಗುರುತೆಂದು ಸೂಲಗಿತ್ತಿ ಮೆಲಿಟ್ಟಾ ಬಾಗಿಲಿಗೆ ಆಲಿವ್ ಎಲೆಯ ಹಾರ ಕಟ್ಟಿದಳು. ಮಗುವೇ ಅದನ್ನು ತಿಂದುಹಾಕಿತು. ಫಿಲಿರಾ ನಾಲ್ಕು ದಿನ ಗೋಡೆಗೆ ಮುಖಮಾಡಿ ಮಲಗಿದ್ದಳು. ಹಾಲು ಕೊಡುವಾಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ನಮ್ಮಲ್ಲಿ ಐದನೆಯ ದಿನ ಅಪ್ಪ ಮಗುವನ್ನೆತ್ತಿಕೊಂಡು ಒಲೆಗೆ ಮೂರು ಸುತ್ತು ಓಡಬೇಕು. ಓಡದಿದ್ದರೆ ಮಗು ಮನೆಯದಲ್ಲ. ಬೆಟ್ಟದ ಮೇಲೆ ಬಿಟ್ಟು ಬರುತ್ತಾರೆ. ನೆಂಟರು ಬೇಯಿಸಿದ ಆಕ್ಟೋಪಸ್ ತಂದು ಕೂತಿದ್ದರು. ಕುಲದ ಹಿರಿಯ ಥ್ರಾಸಿಲಾಸ್ ಮಾತ್ರ ಖಾಲಿ ಬುಟ್ಟಿ ತಂದಿದ್ದ.

“ಇದರಪ್ಪ ಎಲ್ಲಮ್ಮಾ? ಓಡಬೇಕಲ್ಲ?” ಎಂದ.

“ಓಡಿದ್ದಾನಲ್ಲ ಅಜ್ಜ. ಒಲೆ ಸುತ್ತ ಅಲ್ಲ, ಅಷ್ಟೆ,” ಎಂದಳು ಮೆಲಿಟ್ಟಾ.

“ಹಲ್ಲು ಕಿಸೀಬೇಡ. ಬುಟ್ಟಿಗೆ ಹಾಕು.”

“ಕಾಲೆಲ್ಲ ಹೊರಗೇ ಉಳಿಯುತ್ತೆ. ನೀನೇ ಮಡಚಿ ಹಾಕು, ನೋಡೋಣ.”

ಅಜ್ಜ ಮಡಚಲು ಹೋದ. ಮಗು ಒದ್ದ ಏಟಿಗೆ ಆಕ್ಟೋಪಸ್ ಪಾತ್ರೆಯಲ್ಲಿ ಕೂತ.

“ಹಗ್ಗ ತನ್ರೋ!” ಎಂದು ಕಿರುಚಿದ.

ಹಗ್ಗವೆಂಬ ಮಾತು ಕಿವಿಗೆ ಬಿದ್ದದ್ದೇ ಫಿಲಿರಾ ಗೋಡೆಯಿಂದ ತಿರುಗಿದಳು. ಮಗುವನ್ನು ಕಣ್ತುಂಬ ನೋಡಿದಳು. ಆಮೇಲೆ ಕೂದಲು ಕೆದರಿಕೊಂಡು, ಬರಿಗಾಲಲ್ಲಿ, ಒಲೆಯ ಸುತ್ತ ಓಡತೊಡಗಿದಳು. ಮರಿ ತಾಯಿಯ ಹಿಂದೆ ಟಕಟಕ ಓಡಿತು. ಮೂರನೆಯ ಸುತ್ತಿನಲ್ಲಿ ಅವಳನ್ನೇ ಹಿಂದೆ ಹಾಕಿತು.

“ಹೆಂಗಸು ಓಡಿದ್ರೆ ಲೆಕ್ಕಕ್ಕಿಲ್ಲ!” ಎಂದ ಥ್ರಾಸಿಲಾಸ್.

“ಅವಳನ್ನ ಬಿಡು. ಮಗು ಮೂರು ಸುತ್ತು ಬಂತಲ್ಲ? ಯಾರ ಕಾಲಲ್ಲಿ ಬರಬೇಕು ಅಂತ ಕಟ್ಟಳೆ ಇದೆಯೇನಜ್ಜ?” ಎಂದಳು ಮೆಲಿಟ್ಟಾ.

ಅಜ್ಜ ಬೆನ್ನಿಗಂಟಿದ ಆಕ್ಟೋಪಸ್ ತುಂಡನ್ನು ಕಿತ್ತು ಬಾಯಿಗೆ ಹಾಕಿಕೊಂಡು ಅಗಿದು ನುಂಗಿದ.

“ಇಲ್ಲ,” ಎಂದ. ಹೋಗುವಾಗ ಬುಟ್ಟಿಗೆ ನಮ್ಮ ಈರುಳ್ಳಿ ತುಂಬಿಕೊಂಡು ಹೋದ.

ಹತ್ತನೆಯ ದಿನ ಮಗುವಿಗೆ ಕೀರೋನ್ ಎಂದು ಹೆಸರಿಟ್ಟರು. ಮಗು ಬೆಳೆದು ಬೆಟ್ಟ ಹತ್ತುವಂತಾದ ಮೇಲೆ, ಒಂದು ಬೆಳಿಗ್ಗೆ ಫಿಲಿರಾ ಮನೆಯಲ್ಲಿರಲಿಲ್ಲ. ಅಂಗಳದಲ್ಲಿ ಹಿಂದಿನ ದಿನ ಇಲ್ಲದ ಲಿಂಡನ್ ಮರವೊಂದು ನಿಂತಿತ್ತು. ನಾಚಿಕೆಯಿಂದ ಮರವಾದಳೆಂದು ಜನ ಹೇಳುತ್ತಾರೆ. ಆದರೆ ಒಲೆಯ ಮೂರನೆಯ ಸುತ್ತಿನಲ್ಲಿ ಅವಳು ನಗುತ್ತಿದ್ದುದನ್ನು ನಾನು ನೋಡಿದ್ದೇನೆ. ಕೀರೋನ್ ಈಗಲೂ ಬೆನ್ನು ತುರಿಸಿದರೆ ಆ ಮರಕ್ಕೇ ಬರುತ್ತಾನೆ. ಅವಳು ಯಾಕೆ ಮರವಾದಳೋ, ನನಗೆ ಗೊತ್ತಿಲ್ಲ.